ಅದು ರವಿಶಂಕರ್ ಅಲ್ಲ, ಜಾರ್ಜ್ ಹ್ಯಾರಿಸನ್

ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್‌ನ 'ನಾರ್ವೇಜಿಯನ್ ವುಡ್' ಹಾಡಿನಲ್ಲಿ ಸಿತಾರ್ ನುಡಿಸಿದ್ದು ಸಿತಾರ್ ವಾದಕ ಪಂಡಿತ್ ರವಿಶಂಕರ್ ಅವರಾ ಅಂತ ಕೇಳಿದ್ದೀರಿ. ಅಲ್ಲ, ಅದು ಆ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. 1965ರ ಅಕ್ಟೋಬರ್‌ನಲ್ಲಿ ರೆಕಾರ್ಡ್ ಆದ ಹಾಡು. ಜಾರ್ಜ್ ಆಗಿನ್ನೂ ಸಿತಾರ್ ಕಲಿತಿರಲಿಲ್ಲ. ಲಂಡನ್ನಿನಲ್ಲಿ ಕೊಂಡಿದ್ದ ಸಾಧಾರಣ ವಾದ್ಯದಲ್ಲಿ ತಡಕಾಡಿ ಸ್ವರ ಹಿಡಿದರು ಅಷ್ಟೇ. ಸಾಲದ್ದಕ್ಕೆ ಅದರ ತಂತಿ ಬೇರೆ ಕಿತ್ತುಹೋಯಿತು! ಹೊಸ ತಂತಿ ಕೊಟ್ಟು ಕಾಪಾಡಿದವರು ಅಲ್ಲೇ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಗೀತ ಸಂಸ್ಥೆ ನಡೆಸುತ್ತಿದ್ದ ಅಯನ ದೇವ ಅಂಗಡಿ ದಂಪತಿ. ಅಂಗಡಿ ಅಂದರೆ ಮಳಿಗೆಯಲ್ಲ ಮತ್ತೆ, ಅಡ್ಡಹೆಸರು. ಕೇಳಿದರೇ ಗೊತ್ತಾಗುತ್ತದೆ ಅಲ್ವಾ, ಅಯನ ಅವರು ನಮ್ಮ ಉತ್ತರ ಕರ್ನಾಟಕದ ಮೂಲದವರು. ನನಗಂತೂ ಇಡೀ ಕಥೆಯಲ್ಲಿ ಇದೇ ಜಾಸ್ತಿ ಇಷ್ಟ. ರವಿಶಂಕರ್ ಅವರನ್ನು ಜಾರ್ಜ್ ಭೇಟಿಯಾಗಿದ್ದು 1966ರಲ್ಲಿ. ಅದೂ ಇದೇ ಅಂಗಡಿಯವರ ಮನೆಯಲ್ಲಿ.