ಶೇವ್ ಮಾಡಿದ ಮೇಲೆ ಕುತ್ತಿಗೆಯಲ್ಲಿ ಏಳುವ ಗುಳ್ಳೆಗಳು: ಪಿನ್ನು ಹಾಕಿ ಕೂದಲು ತೆಗೆಯಬಹುದಾ?

ಶೇವ್ ಮಾಡಿದ ಎರಡು ದಿನಕ್ಕೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತವೆ, ಇದು ಮೊಡವೆಯಾ, ಪಿನ್ನಿನಿಂದ ಕೂದಲು ಎತ್ತಬಹುದಾ ಅಂತ ಕೇಳಿದ್ದೀರಿ. ಮೊದಲು ಪಿನ್ನು ಕೆಳಗಿಡಿ. ನಾನು ಅದನ್ನೇ ಮಾಡಿದ್ದೆ. ಗುಳ್ಳೆ ಒಂದು ವಾರದಲ್ಲಿ ಒಣಗಿತು, ಅಲ್ಲಿ ಉಳಿದ ಕಪ್ಪು ಕಲೆ ಹೋಗಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ನಮ್ಮಂಥ ಕಂದು ಮೈಬಣ್ಣದವರಿಗೆ ಗುಳ್ಳೆಗಿಂತ ಕಲೆಯ ಕಾಟವೇ ಜಾಸ್ತಿ.

ಗುರುತಿಸಲು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ. ಗುಳ್ಳೆ ಬ್ಲೇಡು ಆಡಿದ ಜಾಗದಲ್ಲಿ ಮಾತ್ರ ಇದ್ದು, ಅದರೊಳಗೆ ಕಪ್ಪು ದಾರದ ತುಂಡಿನ ಹಾಗೆ ಬಾಗಿದ ಕೂದಲು ಕಂಡರೆ, ಅದು ಒಳಕ್ಕೆ ಬೆಳೆದ ಕೂದಲು. ಮೊಡವೆ ಹಣೆ, ಮೂಗು, ಬೆನ್ನನ್ನೂ ಬಿಡುವುದಿಲ್ಲ. ಕೂದಲ ಬುಡಬುಡದಲ್ಲೂ ಚಿಕ್ಕ ಕೀವಿನ ತಲೆ ಕಂಡರೆ ಸೋಂಕು ಇರಬಹುದು. ತೋಳಿನ ಹಿಂದೆ ನೋವಿಲ್ಲದೆ ತರಿತರಿಯಾಗಿರುವ ಗುಳ್ಳೆಗಳು ಬೇರೆಯೇ. ಅವುಗಳಿಂದ ಅಪಾಯವಿಲ್ಲ, ಯೂರಿಯಾ ಇರುವ ಲೋಷನ್ ಹಚ್ಚಿದರೆ ಮೆತ್ತಗಾಗುತ್ತವೆ.

ಕೂದಲು ಒಳಕ್ಕೆ ಬೆಳೆಯುವ ಈ ತೊಂದರೆ ಗುಂಗುರು ಕೂದಲಿನವರಿಗೆ ಜಾಸ್ತಿ ಬರುತ್ತದೆ. ಅವರ ಕೂದಲು ಬುಡದಲ್ಲೇ ಬಾಗಿರುತ್ತದೆ. ಬ್ಲೇಡು ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡುತ್ತದೆ. ಬೆಳೆಯುತ್ತಾ ಅದು ಬಾಗಿ ಪಕ್ಕದ ಚರ್ಮಕ್ಕೇ ಚುಚ್ಚುತ್ತದೆ. ಮುಳ್ಳು ಹೊಕ್ಕಾಗ ಊದಿಕೊಳ್ಳುತ್ತದಲ್ವಾ, ಇಲ್ಲೂ ಹಾಗೆಯೇ. ಚರ್ಮ ಎಳೆದು ಹಿಡಿದು ಎದುರು ದಿಕ್ಕಿಗೆ ಶೇವ್ ಮಾಡಿದರೆ ಇನ್ನೂ ಕೆಟ್ಟದ್ದು. ಕತ್ತರಿಸಿದ ಕೂದಲು ಚರ್ಮದ ಕೆಳಕ್ಕೆ ಜಾರುತ್ತದೆ, ಹೊರಗೆ ಬರುವ ಮೊದಲೇ ಒಳಗೆ ಚುಚ್ಚಿಬಿಡುತ್ತದೆ. ಗಲ್ಲ ನುಣ್ಣಗಾಗಲಿ ಅಂತ ನಾನು ದಿನಾ ಮಾಡುತ್ತಿದ್ದದ್ದು ಇದನ್ನೇ.

ಹಾಗಾಗಿ ನಿಜವಾದ ಮದ್ದು ಕೂದಲನ್ನು ಬೆಳೆಯಲು ಬಿಡುವುದು. ಒಂದು ತಿಂಗಳು ಬ್ಲೇಡು ಮುಟ್ಟಬೇಡಿ. ಮೊದಲ ವಾರ ಗುಳ್ಳೆ ಹೆಚ್ಚಾದರೂ ಗಾಬರಿ ಬೇಡ. ಗಡ್ಡ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟು ಉದ್ದವಾದಾಗ ಬಾಗಿದ ಕೂದಲು ಸ್ಪ್ರಿಂಗಿನ ಹಾಗೆ ತಾನೇ ತುದಿಯನ್ನು ಹೊರಗೆಳೆದುಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಸಲ, 10 ನಿಮಿಷ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ ಕೊಡಿ. ಕೂದಲ ಕುಣಿಕೆ ಚರ್ಮದ ಮೇಲೆ ಎದ್ದು ಕಂಡರೆ ಮಾತ್ರ, ಸ್ಪಿರಿಟ್‌ನಿಂದ ಒರೆಸಿದ ಚಿಮಟದಿಂದ ತುದಿ ಬಿಡಿಸಿ. ಬುಡಸಮೇತ ಕಿತ್ತರೆ ಹೊಸ ಕೂದಲು ಮತ್ತೆ ಒಳಗೇ ಸಿಕ್ಕಿಕೊಳ್ಳಬಹುದು. ನಿಂಬೆರಸ ಹಚ್ಚಬೇಡಿ, ಅದು ಚರ್ಮವನ್ನು ಸುಟ್ಟು ಕಲೆಯನ್ನು ಹೆಚ್ಚಿಸುತ್ತದೆ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ಗುಳ್ಳೆ ತೋರಿಸಿ ಕೇಳಿದ್ದಕ್ಕೆ ನನಗೊಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ಮುಖ ತಿಳಿಯಾಯಿತು, ಖುಷಿಯಿಂದ ಎರಡು ತಿಂಗಳು ಹಚ್ಚಿದೆ. ಬಿಟ್ಟ ಕೂಡಲೇ ಮುಖವೆಲ್ಲಾ ಕೆಂಪಾಗಿ ಉರಿಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಚರ್ಮದ ಡಾಕ್ಟರು ಹೇಳದೆ ಮುಖಕ್ಕೆ ಹಚ್ಚಲೇಬೇಡಿ.

ಮತ್ತೆ ಶೇವ್ ಶುರು ಮಾಡುವಾಗ ಸ್ನಾನ ಮುಗಿಸಿ ಮಾಡಿ. ನೊರೆ ಹಚ್ಚಿ ಐದು ನಿಮಿಷ ಬಿಡಿ. ಒಂದೇ ಬ್ಲೇಡಿನ ರೇಜರು ಸಾಕು. ಕೂದಲು ಮಲಗಿದ ದಿಕ್ಕಿಗೇ ಎಳೆಯಿರಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೇಡ. ನಾನು ಈಗ ಟ್ರಿಮ್ಮರ್‌ನಲ್ಲಿ 1 ಮಿಲಿಮೀಟರ್ ಉಳಿಸುತ್ತೇನೆ. ಗುಳ್ಳೆ ಬರುವುದೇ ಅಪರೂಪವಾಗಿದೆ.

ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಕಂಕುಳು, ತೊಡೆಸಂದಿನಲ್ಲಿ ಪದೇ ಪದೇ ನೋವಿನ ಗಂಟು ಬರುವುದು ಬೇರೆ ಕಾಯಿಲೆ ಇರಬಹುದು, ಅದನ್ನೂ ತೋರಿಸಿ.

ಕೆಲಸದ ಕಡೆ ದಿನಾ ಶೇವ್ ಮಾಡಲೇಬೇಕು ಅನ್ನುವುದಾದರೆ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ನನಗೆ ಆ ಒಂದು ತಿಂಗಳ ಬಿಡುವು ಸಿಕ್ಕಿದ್ದು ಹಾಗೆಯೇ.