ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಸೋಡಿಯಂ ಯಾಕೆ ಸಿಗುವುದಿಲ್ಲ?

ಯಾಕಂದ್ರೆ ಅಲ್ಲಿ ನೀರೂ ಇದೆ, ಮತ್ತು ಎಲೆಕ್ಟ್ರಾನ್ ತೆಗೆದುಕೊಳ್ಳುವುದು ಸೋಡಿಯಂಗಿಂತ ನೀರಿಗೆ ಸುಲಭ. ಹಾಗಾಗಿ ಸೋಡಿಯಂ ಬದಲು ಹೈಡ್ರೋಜನ್ ಅನಿಲ ಬರುತ್ತದೆ.

ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಬಿಡಿಬಿಡಿಯಾಗುತ್ತವೆ. ಬ್ಯಾಟರಿಯ ಋಣ ತುದಿಗೆ ಸೇರಿಸಿದ ಕಡ್ಡಿ ಕ್ಯಾಥೋಡ್, ಅದು ಎಲೆಕ್ಟ್ರಾನ್ ಕೊಡುತ್ತದೆ. ಧನ ತುದಿಯದು ಆನೋಡ್, ಅದು ಕಿತ್ತುಕೊಳ್ಳುತ್ತದೆ. ತಾನಾಗಿ ನಡೆಯದ ಈ ಕ್ರಿಯೆಯನ್ನು ಬ್ಯಾಟರಿ ಬಲವಂತವಾಗಿ ನಡೆಸುತ್ತದೆ. ವಿದ್ಯುದ್ವಿಭಜನೆ ಅಂದರೆ ಇದೇ.

ಸೋಡಿಯಂ ಅಯಾನುಗಳು ಕ್ಯಾಥೋಡ್ ಕಡೆಗೆ ಹೋಗುತ್ತವೆ, ನಿಜ. ಆದರೆ ಅಲ್ಲಿ ಎಲೆಕ್ಟ್ರಾನ್ ಪಡೆಯುವುದು ನೀರಿನ ಅಣುಗಳು. ಅವು ಒಡೆದು ಹೈಡ್ರೋಜನ್ ಅನಿಲವೂ ಹೈಡ್ರಾಕ್ಸೈಡ್ ಅಯಾನುಗಳೂ ಆಗುತ್ತವೆ. ಮೊದಲೇ ಎರಡು ಹನಿ ಫಿನಾಫ್ತಲೀನ್ (ಹೈಡ್ರಾಕ್ಸೈಡ್ ಇದ್ದಲ್ಲಿ ಗುಲಾಬಿಯಾಗುವ ಸೂಚಕ ದ್ರಾವಣ) ಹಾಕಿ ನೋಡಿ: ಸಣ್ಣ ಗುಳ್ಳೆಗಳು ಏಳುವ ಕ್ಯಾಥೋಡ್ ಸುತ್ತ ಗುಲಾಬಿ ಬಣ್ಣ ಮೂಡುತ್ತದೆ. ಅದು ಹೈಡ್ರಾಕ್ಸೈಡ್‌ನ ಗುರುತು. ಪುಸ್ತಕದ ಸಮೀಕರಣ ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಇದನ್ನು ಒಮ್ಮೆ ಕಣ್ಣಾರೆ ನೋಡುವುದು ಎಷ್ಟೋ ಮೇಲು. ಆನೋಡ್‌ನಲ್ಲಿ ಮಾತ್ರ ವಿಷಕಾರಿ ಕ್ಲೋರಿನ್ ಬರುತ್ತದೆ, ಆದ್ದರಿಂದ ಮೇಷ್ಟ್ರು ಜೊತೆಗಿರುವಾಗ, ಗಾಳಿಯಾಡುವ ಲ್ಯಾಬಿನಲ್ಲೇ ಮಾಡಿ.

ಸೋಡಿಯಂ ಬೇಕೇ ಬೇಕು ಅಂದರೆ ನೀರು ಇರಲೇಬಾರದು. ಒಣ ಉಪ್ಪನ್ನೇ ಕಾಯಿಸಿ ದ್ರವ ಮಾಡಿ ಕರೆಂಟ್ ಹಾಯಿಸಬೇಕು. ಬರೀ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಅದು ಜಾಸ್ತಿ ಆಯಿತು ಅಲ್ವಾ? ಅದಕ್ಕೇ ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಆಗ ಸುಮಾರು 600 ಡಿಗ್ರಿಯಲ್ಲೇ ಕೆಲಸ ನಡೆಯುತ್ತದೆ.