ಪೆಕೊರಿನೊ ಚೀಸಿನ ಕುರಿವಾಸನೆ ಜಿಸಿ-ಎಂಎಸ್ ವರದಿಯಲ್ಲಿ ಏಕೆ ಕಾಣುವುದಿಲ್ಲ?

ಕುರಿ ಹಾಲಿನಿಂದ ಮಾಡುವ ಇಟಲಿಯ ಪೆಕೊರಿನೊ ರೊಮಾನೊ ಚೀಸನ್ನು ಎಸ್‌ಪಿಎಂಇ ಫೈಬರ್ (ಆವಿಯಲ್ಲಿನ ಅಣುಗಳನ್ನು ಹೀರಿಕೊಳ್ಳುವ ಲೇಪನವಿರುವ ಎಳೆ) ಬಳಸಿ ಜಿಸಿ-ಎಂಎಸ್ ಪರೀಕ್ಷೆ (ಆವಿಯ ಘಟಕಗಳನ್ನು ಕಾಲಮ್ ಎಂಬ ಸಪೂರ ಕೊಳವೆಯಲ್ಲಿ ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಗುರುತಿಸುವುದು) ಮಾಡಿದಾಗ ಬ್ಯುಟನೋಯಿಕ್ ಮತ್ತು ಹೆಕ್ಸನೋಯಿಕ್ ಆಮ್ಲಗಳ ಪೀಕ್‌ಗಳು (ಗ್ರಾಫಿನ ಶಿಖರಗಳು) ಎತ್ತರವಾಗಿ ಬಂದವು, ಆದರೆ ಮೂಗಿಗೆ ಸ್ಪಷ್ಟವಾಗಿ ತಿಳಿಯುವ ಕುರಿವಾಸನೆಯ ವಸ್ತು ಮಾತ್ರ ಸಿಗಲಿಲ್ಲ ಎಂದು ಬರೆದಿದ್ದೀರಿ. ಡೇರಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನೂ ಮೊದಲು ಎತ್ತರದ ಪೀಕನ್ನೇ ವಾಸನೆಯ ಮೂಲವೆಂದು ತಿಳಿದು ಮೋಸಹೋಗಿದ್ದೆ.

ಆ ಎರಡು ಆಮ್ಲಗಳು ಹೇರಳವಾಗಿರುವುದು ಸಹಜ. ಈ ಚೀಸಿನ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ಕುರಿಮರಿಯ ರೆನೆಟ್ ಮುದ್ದೆಯಲ್ಲಿರುವ ಲೈಪೇಸ್ ಕಿಣ್ವವು ಕೊಬ್ಬಿನಿಂದ ಮುಖ್ಯವಾಗಿ ಗಿಡ್ಡ ಸರಪಳಿಯ ಆಮ್ಲಗಳನ್ನೇ ಬಿಡಿಸುತ್ತದೆ. ಅವು ಕೊಡುವುದು ಹಳೆಯ ಬೆಣ್ಣೆಯಲ್ಲಿ ನಾವು ಕಮಟು ಎನ್ನುವ ಘಾಟನ್ನು. ಮಳೆಯಲ್ಲಿ ನೆನೆದ ಕಂಬಳಿಯನ್ನು ನೆನಪಿಸುವ ವಾಸನೆ ಬೇರೆಯದು. ಅದು ಬಹುಮಟ್ಟಿಗೆ 4-ಮೀಥೈಲ್‌ಆಕ್ಟನೋಯಿಕ್ ಮತ್ತು 4-ಈಥೈಲ್‌ಆಕ್ಟನೋಯಿಕ್ ಎಂಬ ಕವಲೊಡೆದ ಆಮ್ಲಗಳದ್ದು. ಇವುಗಳಲ್ಲಿ ಎರಡನೆಯದನ್ನು ನೀರಿನಲ್ಲಿ ಹತ್ತು ಕೋಟಿಗೆ ಒಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗು ಗುರುತಿಸುತ್ತದೆ, ಯಂತ್ರಕ್ಕೆ ಅಷ್ಟು ಸಾಲದು.

ಇದರ ಜೊತೆಗೆ ಮಾದರಿಯೂ ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯುಟನೋಯಿಕ್ ಆಮ್ಲಕ್ಕಿಂತ ಉದ್ದ ಸರಪಳಿಯ ಇಂತಹ ಆಮ್ಲಗಳು ಕೊಬ್ಬಿನಲ್ಲಿ ಕರಗಿಯೇ ಇರಲು ಬಯಸುತ್ತವೆ. ಚೀಸಿನ ಪಿಎಚ್ 5ಕ್ಕಿಂತ ಮೇಲಿರುವುದರಿಂದ, ನೀರಿನ ಅಂಶದಲ್ಲಿರುವ ಆಮ್ಲದ ಅರ್ಧಕ್ಕಿಂತ ಹೆಚ್ಚು ಭಾಗ ಅಯಾನು ರೂಪಕ್ಕೆ ತಿರುಗಿ ಆವಿಯಾಗದೆ ಉಳಿಯುತ್ತದೆ. ಹೀಗಾಗಿ ಸೀಸೆಯ ಮೇಲ್ಭಾಗದ ಗಾಳಿಯಲ್ಲಿ ತೂಗುಬಿಟ್ಟ ಫೈಬರಿಗೆ ಅವು ತಲುಪುವುದೇ ಅಪರೂಪ, ತಲುಪಿದರೂ ಅಲ್ಲಿ ಹೇರಳವಾದ ಇತರ ಅಣುಗಳೊಂದಿಗೆ ಜಾಗಕ್ಕಾಗಿ ಪೈಪೋಟಿ ನಡೆಸಬೇಕು.

ನನ್ನ ಸಲಹೆ: ತುರಿದ ಚೀಸನ್ನು ಆಮ್ಲೀಯಗೊಳಿಸಿ ಈಥರಿನಲ್ಲಿ ಸಾರ ತೆಗೆಯಿರಿ. 1999ರಲ್ಲಿ ಪ್ರಕಟವಾದ ಸೇಫ್ (SAFE, ದ್ರಾವಕದ ನೆರವಿನಿಂದ ಪರಿಮಳವನ್ನು ಆವಿಯಾಗಿಸುವ) ವಿಧಾನದಂತೆ ಹೆಚ್ಚಿನ ನಿರ್ವಾತದಲ್ಲಿ, ಕಡಿಮೆ ಉಷ್ಣತೆಯಲ್ಲಿ ಭಟ್ಟಿಯಿಳಿಸಿದರೆ ಕೊಬ್ಬು ಹಿಂದುಳಿಯುತ್ತದೆ. ಭಟ್ಟಿಯಿಳಿದ ದ್ರವವನ್ನು ಸೋಡಿಯಂ ಬೈಕಾರ್ಬನೇಟ್ ದ್ರಾವಣದೊಂದಿಗೆ ಕುಲುಕಿದರೆ ಆಮ್ಲಗಳು ಅದಕ್ಕೆ ಇಳಿಯುತ್ತವೆ; ಆ ದ್ರಾವಣವನ್ನು ಮತ್ತೆ ಆಮ್ಲೀಯಗೊಳಿಸಿ ಈಥರಿಗೆ ಎಳೆದುಕೊಳ್ಳಿ. ಕಾಲಮ್ ಎಫ್‌ಎಫ್‌ಎಪಿ ಎಂಬ ಧ್ರುವೀಯ ಬಗೆಯದ್ದಿರಲಿ, ಏಕೆಂದರೆ ಧ್ರುವೀಯವಲ್ಲದ ಕಾಲಮಿನಲ್ಲಿ ಆಮ್ಲಗಳ ಪೀಕ್‌ಗಳು ಚೂಪಾಗದೆ ಬಾಲ ಬಿಡುತ್ತವೆ.

ಸಾಧ್ಯವಾದರೆ ಕಾಲಮಿನ ತುದಿಯನ್ನು ಎರಡಾಗಿ ಒಡೆದು, ಒಂದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೂ ಇನ್ನೊಂದನ್ನು ಮೂಸುವ ಕೊಳವೆಗೂ ಜೋಡಿಸಿ. ಪರದೆಯಲ್ಲಿ ಗೆರೆ ಅಲುಗದಿದ್ದರೂ ಮೂಗು ಕುರಿ ಎಂದ ಕ್ಷಣವನ್ನು ಬರೆದಿಟ್ಟುಕೊಂಡು, ಶುದ್ಧ 4-ಈಥೈಲ್‌ಆಕ್ಟನೋಯಿಕ್ ಆಮ್ಲವನ್ನು ಅದೇ ಕಾಲಮಿನಲ್ಲಿ ಓಡಿಸಿ ಸಮಯ ಹೋಲಿಸಿ. ಒಬ್ಬರ ಮೂಗನ್ನೇ ನಂಬಬೇಡಿ, ಕನಿಷ್ಠ ಮೂವರನ್ನು ಕೂರಿಸಿ.